ಕೊಳೆಯೆಂದು ಉಜ್ಜಿ ತೆಗೆದದ್ದು ಕೊಳೆಯಲ್ಲ ಸ್ವಾಮಿ!

‘ಒಳಗೂ ಹೊರಗೂ ಸ್ವಚ್ಛ ಮಾಡಿದ್ದೇವೆ, ಸರ್ವಿಸ್ ಆಗಿದೆ, ಇನ್ನು ಪ್ಲಗ್ ಹಾಕಿ ನೋಡುವುದೊಂದೇ ಬಾಕಿ’ ಎಂದು ಹೇಳಿ ನನಗೆ ಆ ಹಳೆಯ ಕಪ್ಪು-ಬಿಳುಪು ಟಿವಿಯನ್ನು ಮಾರಿದ ಮಹಾನುಭಾವರು ಅದರ ಹೊಟ್ಟೆಯೊಳಗೆ ಕೈಹಾಕದೆ ಇದ್ದಿದ್ದರೆ ನನ್ನ ಮೂರು ವಾರಗಳು ಉಳಿಯುತ್ತಿದ್ದವು. ಧೂಳು, ಜೇಡರ ಬಲೆ, ಸತ್ತ ಜಿರಲೆ ಏನೇ ಇದ್ದರೂ ನಾನು ಬ್ರಷ್ ಹಿಡಿದು ಕುಳಿತು ಸಂತೋಷದಿಂದಲೇ ತೆಗೆಯುತ್ತಿದ್ದೆ, ಏಕೆಂದರೆ ಧೂಳು ಹಿಡಿದ ಟಿವಿಯಲ್ಲಿ ಕನಿಷ್ಠಪಕ್ಷ ಎಲ್ಲವೂ ಇದ್ದಲ್ಲಿಯೇ ಇರುತ್ತದೆ. ತಿಳಿಯದವರು ಸ್ವಚ್ಛ ಮಾಡಿದ ಟಿವಿಯಲ್ಲಿ ಏನಿಲ್ಲ ಎಂಬುದನ್ನು ಹುಡುಕುವುದೇ ಒಂದು ಉದ್ಯೋಗವಾಗುತ್ತದೆ.

ಮರದ ಪೆಟ್ಟಿಗೆ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂದು ಹಿರಿಯರು ಹೇಳಿದ್ದು ಇಂಥದ್ದನ್ನು ನೋಡಿಯೇ ಇರಬೇಕು. ಹಿಂದಿನ ಮುಚ್ಚಳ ಬಿಚ್ಚಿದೊಡನೆ ನನ್ನ ಕಣ್ಣಿಗೆ ಬಿದ್ದದ್ದು ಅರ್ಧ ಕಪ್ಪು, ಅರ್ಧ ಬರಿಗಾಜಾಗಿ ನಿಂತಿದ್ದ ಪಿಕ್ಚರ್ ಟ್ಯೂಬ್. ಟ್ಯೂಬಿನ ಆಲಿಕೆಯಾಕಾರದ ಹಿಂಭಾಗಕ್ಕೆ ಮಸಿ ಬಳಿದಂತೆ ಕಾಣುವ ಆ ಕಪ್ಪು ಲೇಪ ಹೊಗೆಯಿಂದ ಹಿಡಿದ ಕೊಳೆಯಲ್ಲ, ಕಾರ್ಖಾನೆಯಲ್ಲೇ ಹಚ್ಚಿದ ಗ್ರಾಫೈಟ್. ಟ್ಯೂಬಿನ ಒಳಮೈಯಲ್ಲಿಯೂ ವಿದ್ಯುತ್ ಹರಿಯುವ ಲೇಪವೊಂದಿದ್ದು, ಒಳಗಿನದು, ಹೊರಗಿನದು, ನಡುವಿನ ಗಾಜು ಮೂರೂ ಸೇರಿ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಆಗುತ್ತದೆ. ಇಂಥ ಸೆಟ್ಟಿನಲ್ಲಿ ಹದಿನೈದು ಸಾವಿರ ವೋಲ್ಟಿನ ಆಸುಪಾಸಿನಲ್ಲಿರುವ ಅಧಿಕ ವೋಲ್ಟೇಜಿನ ಏರಿಳಿತವನ್ನು ಸಮ ಮಾಡುವುದು ಅದೇ. ಹೊರಲೇಪವನ್ನು ಷಾಸಿಗೆ, ಎಂದರೆ ಸೆಟ್ಟಿನ ಲೋಹದ ಚೌಕಟ್ಟಿಗೆ, ಜೋಡಿಸಲು ತಾಮ್ರದ ಹೆಣೆದ ತಂತಿಯೊಂದನ್ನು ಸ್ಪ್ರಿಂಗ್ ಹಾಕಿ ಅದರ ಮೇಲೆ ಬಿಗಿದಿರುತ್ತಾರೆ. ನಮ್ಮ ಸ್ವಚ್ಛತಾ ವೀರರು ಒದ್ದೆ ಬಟ್ಟೆ ಹಿಡಿದು ಸರಿಯಾಗಿ ಆ ತಂತಿ ತಾಗುವ ಜಾಗವನ್ನೇ ಉಜ್ಜಿ ತೆಗೆದು, ತಂತಿಯನ್ನು ಬರಿಗಾಜಿನ ಮೇಲೆ ಒರಗಿಸಿಟ್ಟಿದ್ದರು.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದಿದೆ. ಪಿಕ್ಚರ್ ಟ್ಯೂಬಿನಲ್ಲಿ ನಿಜವಾಗಿಯೂ ಒರೆಸಿ ಸ್ವಚ್ಛವಾಗಿಡಬೇಕಾದ ಜಾಗವೆಂದರೆ ಅಧಿಕ ವೋಲ್ಟೇಜಿನ ತಂತಿ ಬಂದು ಸೇರುವ ರಬ್ಬರ್ ಟೋಪಿಯ ಸುತ್ತಲಿನ, ಲೇಪವಿಲ್ಲದ ಗಾಜಿನ ಉಂಗುರ. ಅಲ್ಲಿ ಧೂಳೂ ತೇವವೂ ಸೇರಿದರೆ ವಿದ್ಯುತ್ತು ಅದರ ಮೇಲೆಯೇ ಹರಿದು ಕಿಡಿ ಹಾರುತ್ತದೆ. ಅವರು ಮುಟ್ಟದೆ ಬಿಟ್ಟಿದ್ದು ಅದೊಂದನ್ನೇ! ರಬ್ಬರ್ ಟೋಪಿಯ ಅಂಚನ್ನು ಎತ್ತಿ ನೋಡಿದರೆ ಜಿಡ್ಡುಗಟ್ಟಿದ ಕರಿ ಧೂಳು ಕಂಬಳಿಯ ಚೂರಿನಂತೆ ಎದ್ದು ಬಂತು. (ಟಿವಿ ಆರಿಸಿದ ಮೇಲೂ ಟ್ಯೂಬಿನಲ್ಲಿ ವಿದ್ಯುತ್ತು ಉಳಿದಿರುತ್ತದೆಯಾದ್ದರಿಂದ, ಅದನ್ನು ಷಾಸಿಗೆ ಇಳಿಸಿ ಖಾಲಿ ಮಾಡದೆ ಯಾರೂ ಆ ಟೋಪಿಯನ್ನು ಎತ್ತಬಾರದು.) ಉಂಗುರವನ್ನು ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಬೋಳಾದ ಕಡೆಗೆ ಗ್ರಾಫೈಟ್ ಬಣ್ಣವನ್ನು ತರಿಸಿ ಎರಡು ಸಲ ಬಳಿದು ಒಣಗಿಸುವುದರಲ್ಲಿ ಮೊದಲ ವಾರ ಮುಗಿಯಿತು.

ಎರಡನೆಯ ವಾರವನ್ನು ಟ್ಯೂನರ್ ನುಂಗಿತು. ಕಟಕಟನೆ ತಿರುಗುವ ಚಾನೆಲ್ ಗುಂಡಿಯ ಹಿಂದಿನ ಡಬ್ಬಿಯೊಳಕ್ಕೆ ಯಾರೋ ಕೀಲಿಗೆ ಬಿಡುವ ಎಣ್ಣೆಯನ್ನು ಧಾರಾಳವಾಗಿ ಸಿಂಪಡಿಸಿದ್ದರು. ಕಿಲುಬು ಹಿಡಿದ ಕಾಂಟ್ಯಾಕ್ಟುಗಳು ಎಣ್ಣೆಯಿಂದ ನಾಲ್ಕು ದಿನ ಸರಿಯಾದಂತೆ ಕಂಡು, ಆಮೇಲೆ ಧೂಳನ್ನೆಲ್ಲ ಹೀರಿಕೊಂಡು ಮೊದಲಿಗಿಂತ ಕೆಟ್ಟದಾಗುತ್ತವೆ. ಆಗ ಗುಂಡಿಯನ್ನು ಬೆರಳಿನಿಂದ ಒಂದು ಬದಿಗೆ ಒತ್ತಿ ಹಿಡಿದರೆ ಚಿತ್ರ, ಬಿಟ್ಟರೆ ಇರುವೆ ಸಂತೆ. ಒಂದೊಂದೇ ಕಾಂಟ್ಯಾಕ್ಟನ್ನು ಆಲ್ಕೋಹಾಲಿನಲ್ಲಿ ತೊಳೆದು ಮತ್ತೆ ಜೋಡಿಸುವಾಗ ಟ್ಯೂನರಿನಿಂದ ಬಂದ ಸಿಗ್ನಲನ್ನು ಸೋಸುವ ಪಕ್ಕದ ಐಎಫ್ ಕಾಯಿಲುಗಳ ಕಡೆ ದೃಷ್ಟಿ ಹೋಯಿತು. ಅವುಗಳೊಳಗಿನ ಫೆರೈಟ್ ತಿರುಪುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಮಾತ್ರ, ಅದೂ ಅಳತೆಯ ಉಪಕರಣ ಎದುರಿಗಿದ್ದಾಗ ಮಾತ್ರ ಮುಟ್ಟಬೇಕು. ಇಲ್ಲಿ ಎರಡರ ನೆತ್ತಿಯ ಮೇಲೆ ಕಬ್ಬಿಣದ ಸ್ಕ್ರೂಡ್ರೈವರಿನ ಗಾಯವಿತ್ತು, ಒಂದು ಸೀಳಿಯೇ ಹೋಗಿತ್ತು. ಸ್ವಚ್ಛ ಮಾಡುವವರಿಗೆ ಅಲ್ಲೇನು ಕೆಲಸವಿತ್ತು ಎಂದು ಯಾರನ್ನು ಕೇಳುವುದು?

‘ಸರ್ವಿಸ್ ಆಗಿದೆ’ ಎಂಬ ಮಾತಿಗೆ ಬರೋಣ. ಸೆಟ್ಟಿನೊಳಗಿನ ಎಲೆಕ್ಟ್ರೋಲಿಟಿಕ್ (ಒಳಗಿನ ದ್ರವ ವಯಸ್ಸಾದಂತೆ ಒಣಗುವ) ಕೆಪಾಸಿಟರುಗಳಲ್ಲಿ ಒಂದನ್ನಾದರೂ ಬದಲಿಸಿರಲಿಲ್ಲ; ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ಭಾಗದಲ್ಲಿದ್ದವು ಒಣಗಿ, ಚಿತ್ರ ಮೇಲೂ ಕೆಳಗೂ ಮೂರು ಮೂರು ಬೆರಳು ಕುಗ್ಗಿ ಹೋಗಿತ್ತು. ಇಂಥ ಸೆಟ್ಟನ್ನು ‘ಪ್ಲಗ್ ಹಾಕಿ ನೋಡಿ’ ಎನ್ನುವವರನ್ನು ಏನೆಂದು ಕರೆಯಬೇಕು? ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಟಿವಿಗೆ ಮೊದಲ ಸಲ ವಿದ್ಯುತ್ತು ಕೊಡುವಾಗ ಫಿಲಮೆಂಟಿನ ಬಲ್ಬೊಂದನ್ನು ಸೀರೀಸಿನಲ್ಲಿ (ಕರೆಂಟು ಅದರ ಮೂಲಕವೇ ಹಾದು ಬರುವಂತೆ) ಹಾಕಿ, ಅದು ಪೂರ್ತಿ ಬೆಳಗಿ ಹಾಗೆಯೇ ನಿಂತರೆ ಒಳಗೆಲ್ಲೋ ಷಾರ್ಟ್ ಇದೆ ಎಂದು ಆರಿಸಿಬಿಡುವುದು ರಿಪೇರಿಯವರ ಹಳೆಯ ಪದ್ಧತಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಇಂಥ ಸೆಟ್ಟುಗಳಲ್ಲಿ ಷಾಸಿ ನೇರವಾಗಿ ಕರೆಂಟಿನ ಒಂದು ತಂತಿಗೇ ಸೇರಿರುವುದರಿಂದ, ಎರಡು ಕಡ್ಡಿಯ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಷಾಸಿಯಲ್ಲೇ ಪೂರ್ತಿ ಕರೆಂಟು ನಿಂತಿರುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಹಿಂಬದಿಗೆ ಅಂಟಿಸಲು ಅವರಿಗೆ ಪಾಲಿಷ್ ಹಚ್ಚಿದ ಸಮಯದ ನೂರನೆಯ ಒಂದು ಪಾಲೂ ಬೇಕಾಗುತ್ತಿರಲಿಲ್ಲ.

ಅಂತೂ ಸೆಟ್ಟು ಎಚ್ಚೆತ್ತಿತು. ಕತ್ತಲೆಯಲ್ಲಿ ನೋಡಿದರೂ ಕಿಡಿಯಿಲ್ಲ, ಚಿರ್ರೆನ್ನುವ ಸದ್ದಿಲ್ಲ. ಇನ್ನು ಅದಕ್ಕೆ ಸಿಗ್ನಲ್ ಕೊಡಬೇಕಲ್ಲ? ‘ಎಲ್ಲ ಹಳೆಯ ಟಿವಿಗಳಿಗೂ ಹೊಂದುತ್ತದೆ’ ಎಂದು ಅದೇ ಅಂಗಡಿಯವರು ಜೊತೆಗೆ ಕೊಟ್ಟಿದ್ದ, ಚಿತ್ರ-ಧ್ವನಿಗಳನ್ನು ಟಿವಿ ಚಾನೆಲ್ಲಿನ ರೂಪಕ್ಕೆ ತರುವ ಮಾಡ್ಯುಲೇಟರ್ ಡಬ್ಬಿಯಿಂದ ಚಿತ್ರ ಬಂತು, ಧ್ವನಿಯ ಬದಲು ಬುಸ್ಸೆಂಬ ಸದ್ದು ಬಂತು. ನನ್ನದು 625 ಗೆರೆಗಳ, ಚಿತ್ರಕ್ಕೂ ಧ್ವನಿಗೂ ನಡುವೆ 5.5 ಮೆಗಾಹರ್ಟ್ಜ್ ಅಂತರವಿರುವ ಪದ್ಧತಿಯ ಸೆಟ್ಟು, ಡಬ್ಬಿಯದು 6 ಮೆಗಾಹರ್ಟ್ಜ್ ಅಂತರದ ಪದ್ಧತಿ. ಡಬ್ಬಿಯ ಮೇಲೆ ‘ಎಲ್ಲ’ ಎಂದು ಅಚ್ಚು ಹಾಕಿಸುವವರಿಗೆ ಇದು ತಿಳಿದಿರಬೇಡವೇ? ಬೇರೆ ಡಬ್ಬಿ ತಂದು, ಅದರ ದುಂಡು ಕೇಬಲಿನ 75 ಓಮಿಗೂ ಟಿವಿಯ ಚಪ್ಪಟೆ ತಂತಿಯ 300 ಓಮಿಗೂ ನಡುವೆ ಎರಡನ್ನೂ ಹೊಂದಿಸುವ ಒಂದು ಬಾಲನ್ ಸಿಕ್ಕಿಸಿ, ತೆರೆಯ ಮೇಲೆ ವೃತ್ತವನ್ನು ಮೂಡಿಸಿ, ಮೊಟ್ಟೆಯಂತಿದ್ದದ್ದು ದುಂಡಗಾಗುವವರೆಗೆ ಎತ್ತರ ಮತ್ತು ಲೀನಿಯಾರಿಟಿ (ಮೇಲೂ ಕೆಳಗೂ ಒಂದೇ ಸಮನಾದ ಹರವು) ಪ್ರಿಸೆಟ್‌ಗಳನ್ನು ಹೊಂದಿಸಿದೆ. ಈ ಅರ್ಧ ಗಂಟೆಯ ಕೆಲಸಕ್ಕಾಗಿಯೇ ನಾನು ಆ ಟಿವಿಯನ್ನು ಕೊಂಡದ್ದು. ಸೀಳಿದ ಕಾಯಿಲಿನ ದೆಸೆಯಿಂದ ಚಿತ್ರದೊಳಗಿನ ಆಕೃತಿಗಳ ಅಂಚುಗಳು ಇಂದಿಗೂ ಮಸುಕಾಗಿಯೇ ಇವೆ, ಅಂಥ ಕಾಯಿಲು ಇನ್ನೂ ಸಿಕ್ಕಿಲ್ಲ.

ಕೋಪ ತಡೆಯದೆ ಮಾರಿದವರಿಗೆ ಫೋನು ಮಾಡಿ, ಟ್ಯೂಬಿನ ಕಪ್ಪು ಲೇಪವನ್ನು ಏಕೆ ತೆಗೆದಿರಿ ಎಂದು ಕೇಳಿದೆ. ‘ಅಯ್ಯೋ, ವಿಪರೀತ ಮಸಿ ಹಿಡಿದಿತ್ತು ಸಾರ್, ಎರಡು ದಿನ ಉಜ್ಜಿದರೂ ಪೂರ್ತಿ ಹೋಗಲಿಲ್ಲ, ಕ್ಷಮಿಸಿ’ ಎಂದರು. ಇನ್ನೂ ಎರಡು ಸೆಟ್ಟುಗಳು ಬಂದಿವೆಯಂತೆ. ಅವನ್ನು ಇದ್ದ ಹಾಗೆಯೇ, ಧೂಳಿನ ಸಮೇತ ಕೊಡಿ ಎಂದು ಅಂಗಲಾಚಿದೆ. ‘ಛೆ ಛೆ, ಹಾಗೆಲ್ಲ ಕೊಟ್ಟರೆ ನಮ್ಮ ಅಂಗಡಿಯ ಮರ್ಯಾದೆ ಏನಾಗಬೇಕು ಸಾರ್?’ ಎಂದು ಫೋನಿಟ್ಟರು.