ರಾಜ್ಯೋತ್ಸವ 10ನೇ ತಿಂಗಳಲ್ಲಿ

ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡ ರಾಜ್ಯೋತ್ಸವ ಯಾವಾಗ ಗೊತ್ತಾ? 10ನೇ ತಿಂಗಳ 1ನೇ ತಾರೀಖು. ಅಲ್ಲಿ ತಿಂಗಳನ್ನು ಸೊನ್ನೆಯಿಂದ ಎಣಿಸಬೇಕು, ತಾರೀಖನ್ನು ಒಂದರಿಂದ. ವಾರ ಮತ್ತೆ ಸೊನ್ನೆಯಿಂದ. ಭಾನುವಾರ ಸೊನ್ನೆ, ಇದೊಂದು ಮಾತ್ರ ಸರಿ ಅನಿಸುತ್ತದೆ. ಯಾರಾದರೂ ಹುಡುಗ ಅಭ್ಯಾಸಬಲದಿಂದ 11 ಅಂತ ಬರೆದರೆ, ಆಪಿನಲ್ಲಿ ಭುವನೇಶ್ವರಿ ಮೆರವಣಿಗೆ ಡಿಸೆಂಬರ್ 1ಕ್ಕೆ ಹೊರಡುತ್ತದೆ. ಬೆಂಗಳೂರಿನಲ್ಲಿ ಅದನ್ನು ಯಾರೂ ಬಗ್ ಅನ್ನುವುದಿಲ್ಲ ಬಿಡಿ. ನಮ್ಮ ಬಡಾವಣೆಗಳಲ್ಲಿ ರಾಜ್ಯೋತ್ಸವ ಡಿಸೆಂಬರಿನಲ್ಲೂ ನಡೆಯುತ್ತಲೇ ಇರುತ್ತದೆ.

ಪಟ್ಟಿಯನ್ನು ಸೊನ್ನೆಯಿಂದ ಎಣಿಸಬೇಕೋ ಒಂದರಿಂದಲೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳ ಜಗಳ ಹಳೆಯದು. 1957ರ ಫೋರ್‌ಟ್ರಾನ್ ನಮ್ಮ ನಿಮ್ಮ ಹಾಗೆ ಒಂದರಿಂದ ಎಣಿಸಿತು. ಸಿ ಭಾಷೆಗೆ ಇಂಡೆಕ್ಸ್ ಅಂದರೆ ಪಟ್ಟಿಯ ಶುರುವಿನಿಂದ ಎಷ್ಟು ದೂರ ಅನ್ನುವ ಲೆಕ್ಕ. ಮೊದಲನೆಯವನು ಬಾಗಿಲಲ್ಲೇ ನಿಂತಿದ್ದಾನೆ, ದೂರ ಸೊನ್ನೆ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಕೈಬರಹದಲ್ಲಿ ಒಂದು ಟಿಪ್ಪಣಿ ಬರೆದು, ಸೊನ್ನೆಯೇ ಸರಿ ಎಂದು ವಾದಿಸಿದರು. ಲುವಾ, ಆರ್, ಜೂಲಿಯಾ ಭಾಷೆಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಇರಲಿ, ಎರಡೂ ಕಡೆ ನ್ಯಾಯ ಇದೆ.

ಕೆಡಿಸಿದವರು ರಾಜಿ ಪಂಚಾಯಿತಿಯವರು. ಎಪಿಎಲ್ ಭಾಷೆಯಲ್ಲಿ ಸೊನ್ನೆಯೋ ಒಂದೋ, ನೀವೇ ಆರಿಸಿಕೊಳ್ಳಬಹುದು. ಹಳೆಯ ವಿಷುಯಲ್ ಬೇಸಿಕ್ಕಿನಲ್ಲೂ ಹಾಗೇ. ಪಕ್ಕದವನು ಬರೆದ ಕೋಡನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಅವನ ಮತ ಯಾವುದು ಅಂತ ವಿಚಾರಿಸಬೇಕು! ಜಾವಾ ಇನ್ನೂ ಚೆನ್ನ. ಅರೇ (ಅಂದರೆ ಪಟ್ಟಿ) ಸೊನ್ನೆಯಿಂದ, ಅದೇ ಜಾವಾದಲ್ಲಿ ಡೇಟಾಬೇಸಿನ ಕಾಲಂ ಒಂದರಿಂದ. ಪೈಥಾನಿನಲ್ಲಿ ಎಣಿಸಲು ರೇಂಜ್ 1, 10 ಅಂದರೆ ಒಂಬತ್ತಕ್ಕೇ ಮುಗಿಯಿತು. ಹತ್ತನ್ನು ಹೆಸರು ಹಿಡಿದು ಕರೆದು, ಬಾಗಿಲು ಹಾಕಿಕೊಂಡ ಹಾಗೆ.

ಕೋರಮಂಗಲದಲ್ಲಿ ಕೂತು ಹೊಸ ಭಾಷೆ ಕಟ್ಟುವವರಿಗೆ ನನ್ನದೊಂದು ಮನವಿ. ಸೊನ್ನೆ, ಒಂದು ಎರಡನ್ನೂ ಬಿಡಿ. ಬೆಂಗಳೂರು ಪದ್ಧತಿ ತನ್ನಿ. ಜಯನಗರದಲ್ಲಿ 4ನೇ ಬ್ಲಾಕ್ ಇದೆ, 4ನೇ ಟಿ ಬ್ಲಾಕೂ ಇದೆ. ಪಟ್ಟಿಯ ಮಧ್ಯೆ ಹೊಸದೊಂದನ್ನು ತೂರಿಸಬೇಕಾ? 5ಕ್ಕೂ 6ಕ್ಕೂ ನಡುವೆ 5ಎ ಅನ್ನಿ, ಅದು ಸಾಲದಿದ್ದರೆ 5ಬಿ. ಯಾರ ನಂಬರೂ ಬದಲಾಗುವುದಿಲ್ಲ. ಸಿ ಭಾಷೆಯ ಅರೇಗೆ ಈ ಭಾಗ್ಯ ಇದೆಯಾ? ಪಟ್ಟಿಯಲ್ಲಿ ಒಂದೊಂದಾಗಿ ಮುಂದೆ ಸಾಗುವ ಲೂಪಿಗೂ ಹೊಸ ನಿಯಮ ಬೇಕು. 5 ಆದ ಮೇಲೆ 6 ಬರಲೇಬೇಕು ಅಂತೇನಿಲ್ಲ, ನಡುವೆ ಒನ್‌ವೇ ಇದ್ದರೆ 9ಕ್ಕೆ ಹೋಗಿ ಯು ಟರ್ನ್ ತೆಗೆದುಕೊಂಡು ಬರಲಿ. ಮಧ್ಯದಲ್ಲಿ ರಸ್ತೆ ಅಗೆದಿದ್ದರೆ ಲೂಪ್ ಅಲ್ಲೇ ನಿಲ್ಲಲಿ. ಕ್ಲೈಂಟ್ ಕೇಳಿದರೆ ಕಾಮಗಾರಿ ಪ್ರಗತಿಯಲ್ಲಿದೆ ಅನ್ನಬಹುದು.

ಇನ್ನು ಪಟ್ಟಿಯಲ್ಲಿ ಇಲ್ಲದ ನಂಬರನ್ನು ಯಾರಾದರೂ ಕೇಳಿದರೆ, ಆ ಕೆಂಪು ಅಕ್ಷರದ ಇಂಗ್ಲಿಷ್ ಬೈಗುಳ ಬೇಡ. "ಇಲ್ಲೇ ಮುಂದೆ ಸಾರ್, ಅಲ್ಲಿ ಯಾರನ್ನಾದ್ರೂ ಕೇಳಿ, ಹೇಳ್ತಾರೆ" ಅಂತ ಬಂದರೆ ಸಾಕು.