ದುಡ್ಡು ಎಣಿಸಿಕೊಂಡದ್ದು ನೀವು, ಕಂಪನಿ ಅಲ್ಲ

ಈಗಷ್ಟೇ ಮಂಗಳೂರಿನ ಹಂಪನಕಟ್ಟೆಯಿಂದ ಬಂದೆ. ಸಿಟ್ಟು ಇಳಿದಿಲ್ಲ, ಇಳಿಯುವ ಮೊದಲೇ ಬರೆಯುತ್ತೇನೆ.

ಫ್ಯಾನ್ ನೋಡಲೆಂದು ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನ ಮುಂದೆ ಬಂಟ್ವಾಳ ಕಡೆಯ ಒಬ್ಬರು ಅಕ್ಕ, ಕಾಲಬುಡದಲ್ಲಿ ಗ್ರೈಂಡರಿನ ಪೆಟ್ಟಿಗೆ. ಹೋದ ವಾರ ಅಲ್ಲಿಯೇ ತೆಗೆದದ್ದಂತೆ. ಎರಡನೇ ಸಲ ಉದ್ದು ಹಾಕುವಾಗಲೇ ಮೋಟರಿನಿಂದ ಸುಟ್ಟ ವಾಸನೆ ಬಂದು ನಿಂತುಬಿಟ್ಟಿದೆ. ಬಿಲ್ಲು, ವಾರಂಟಿ ಕಾರ್ಡು ಎಲ್ಲ ಜೋಪಾನವಾಗಿ ತೊಟ್ಟೆಯಲ್ಲಿ ಹಾಕಿ ತಂದಿದ್ದರು.

"ಅದು ನಮಗೆ ಸಂಬಂಧ ಇಲ್ಲ ಅಕ್ಕ, ಕಂಪನಿಯವರದ್ದು. ಕೊಟ್ಟಾರದ ಹತ್ರ ಸರ್ವಿಸ್ ಸೆಂಟರ್ ಉಂಟಲ್ಲ, ಅಲ್ಲಿಗೆ ಕೊಂಡುಹೋಗಿ" ಅಂದ ಕೌಂಟರಿನ ಹುಡುಗ.

"ಇಷ್ಟು ಭಾರ ಹೊತ್ಕೊಂಡು ಪುನಃ ಎಲ್ಲಿಗೆ ಹೋಗುದು ಮಾರಾಯ್ರೆ? ನಾನು ತೆಗೆದದ್ದು ನಿಮ್ಮ ಹತ್ರ ಅಲ್ವಾ?"

"ಮಾರಿದ ಮೇಲೆ ನಾವು ಎಂತ ಮಾಡ್ಲಿಕ್ಕೆ ಆಗ್ತದೆ?"

ಎಂತ ಮಾಡ್ಲಿಕ್ಕೆ ಆಗ್ತದೆ ಎಂದು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ದೋಷವಿರುವ ವಸ್ತುವನ್ನು ವಾಪಸು ಪಡೆದು ಹಣ ಹಿಂದಿರುಗಿಸಲು ಒಪ್ಪದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಹೇಳಿದ್ದರೆ ಅಷ್ಟರೊಳಗೆ, ಹೇಳದಿದ್ದರೆ 30 ದಿನದೊಳಗೆ ಮಾಡಬೇಕು. ಇದು ಹೊಸದಾಗಿ ಹುಟ್ಟಿದ ನ್ಯಾಯವೂ ಅಲ್ಲ. 1930ರ ಸರಕು ಮಾರಾಟ ಕಾಯ್ದೆಯೇ, ಆ ಬಗೆಯ ಸರಕಿನ ವ್ಯಾಪಾರ ಮಾಡುವವನು ಮಾರಿದ ವಸ್ತು ಮಾರಾಟಕ್ಕೆ ಯೋಗ್ಯವಾಗಿರಬೇಕು ಎನ್ನುತ್ತದೆ. ಅಕ್ಕ ವ್ಯವಹಾರ ಮಾಡಿದ್ದು ಅಂಗಡಿಯ ಜೊತೆ. ದುಡ್ಡು ಎಣಿಸಿಕೊಂಡದ್ದು ಅಂಗಡಿ. ಕಂಪನಿಯ ವಾರಂಟಿ ಅದರ ಮೇಲೆ ಸಿಗುವ ಇನ್ನೊಂದು ರಕ್ಷಣೆ. ಅದನ್ನು ತೋರಿಸಿ ಅಂಗಡಿಯವರು ತಮ್ಮ ಜವಾಬ್ದಾರಿಯಿಂದ ಕೈತೊಳೆದುಕೊಳ್ಳುವ ಹಾಗಿಲ್ಲ.

ನಾನು ಬಾಯಿ ಹಾಕಿದೆ. ಇಷ್ಟು ವರ್ಷದಿಂದ ನನ್ನನ್ನು ಬಲ್ಲವರಿಗೆ ಆಶ್ಚರ್ಯ ಆಗಲಿಕ್ಕಿಲ್ಲ. ಆಗ ಆ ಹುಡುಗ ಪೆಟ್ಟಿಗೆ ತೆರೆದು, ಗ್ರೈಂಡರಿನ ಅಡಿಗೆ ಒಮ್ಮೆ ಟಾರ್ಚ್ ಹಿಡಿದು, "ಒಳಗೆ ನೀರು ಹೋಗಿರ್ಬೇಕು" ಅಂದ.

ನನ್ನ ಸಿಟ್ಟು ನೆತ್ತಿಗೇರಿದ್ದು ಅಲ್ಲಿ. ನಮ್ಮೂರಿನ ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ. ಉದ್ದು ರುಬ್ಬುವ ಯಂತ್ರಕ್ಕೆ ನೀರು ತಾಗದೆ ಇರುತ್ತದೆಯೇ? ಕರಾವಳಿಯಲ್ಲಿ ಮಾರುವ ಗ್ರೈಂಡರ್ ಕರಾವಳಿಯ ಅಡುಗೆಮನೆಯಲ್ಲಿ ಬಾಳಬೇಕು. ಅದಿರಲಿ, ತಪ್ಪು ಯಾರದ್ದು ಎಂದು ತೀರ್ಮಾನಿಸುವವರು ಯಾರು? ಮಾರಿದವರೇ. ಅವರು ಬಿಟ್ಟರೆ ಕಂಪನಿಯ ಸಂಬಳ ಪಡೆಯುವ ಮೆಕ್ಯಾನಿಕ್. ಅವನು ರಿಪೇರಿ ಚೀಟಿಯಲ್ಲಿ ಬರೆದ ಒಂದು ಸಾಲಿಗೆ ವಾರಂಟಿ ಮುಗಿದುಹೋಗುತ್ತದೆ. ಮೊಬೈಲು, ಮಿಕ್ಸಿ, ಇನ್ವರ್ಟರ್, ಎಲ್ಲದಕ್ಕೂ ಇದೇ ಮಾತು. ಮೇಲಿನಿಂದ ನೋಡಿ ಹೇಳಲಾಗದ ದೋಷವಾದರೆ ವಸ್ತುವಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ, ಗ್ರಾಹಕರ ದೂರುಗಳನ್ನು ತೀರ್ಮಾನಿಸುವ ಜಿಲ್ಲಾ ಗ್ರಾಹಕರ ಆಯೋಗಕ್ಕಿದೆ. ಟಾರ್ಚ್ ಹಿಡಿದ ಹುಡುಗನ ಊಹೆ ತೀರ್ಪಲ್ಲ.

ಸಣ್ಣ ವ್ಯಾಪಾರಿ ಎಲ್ಲಿಂದ ಕೊಡುವುದು, ಕಂಪನಿ ಅವನಿಗೆ ವಾಪಸು ಕೊಡುತ್ತದೆಯೇ ಎಂದು ಕೆಲವರು ಕೇಳಿಯೇ ಕೇಳುತ್ತೀರಿ. ನನ್ನ ಅಪ್ಪ ಕಾರ್ ಸ್ಟ್ರೀಟಿನಲ್ಲಿ ಪಾತ್ರೆ ಅಂಗಡಿ ಇಟ್ಟವರು, ನಿಮಗೆ ಗೊತ್ತು. ತಳ ಸೋರುವ ಕುಕ್ಕರ್ ವಾಪಸು ಬಂದರೆ ಮೊದಲು ಗಿರಾಕಿಗೆ ಬೇರೆ ಕೊಟ್ಟು ಕಳಿಸುತ್ತಿದ್ದರು. ಏಜೆನ್ಸಿಯವರ ಜೊತೆ ಜಗಳ ಆಮೇಲೆ. ಡೀಲರ್‌ಶಿಪ್ ಒಪ್ಪಂದ, ಕಮಿಷನ್, ಏಜೆಂಟನ ಫೋನ್ ನಂಬರ್ ಎಲ್ಲ ಇರುವುದು ಅಂಗಡಿಯವರ ಕೈಯಲ್ಲಿ. ಅಕ್ಕನ ಕೈಯಲ್ಲಿರುವುದು ಒಂದು ಬಿಲ್ಲು. ಜಗಳ ಆಡುವ ಶಕ್ತಿ ಇರುವವರು ಆಡಲಿ. ಬಣ್ಣ ಇಷ್ಟವಾಗಲಿಲ್ಲ ಎಂದು ಬದಲಿ ಕೇಳುವುದು ಬೇರೆ ವಿಷಯ, ಅದಕ್ಕೆ ಅಂಗಡಿಯವರು ಇಲ್ಲ ಅನ್ನಬಹುದು. ಮೋಟರ್ ಸುಟ್ಟರೆ ಅನ್ನುವ ಹಾಗಿಲ್ಲ. "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷದ ಹೊಣೆ ತಪ್ಪುವುದಿಲ್ಲ.

ನನಗೆ ಸಂಕಟ ಆದದ್ದು ಇನ್ನೊಂದಕ್ಕೆ. ಅಕ್ಕ ಕೊನೆಗೆ, "ಹೋಗ್ಲಿ ಬಿಡಿ, ನನ್ನ ಹಣೆಬರಹ" ಅಂದರು. ಅಮ್ಮನೂ ಹೀಗೆ ಹೇಳಿ ಎಷ್ಟೋ ಸಾಮಾನನ್ನು ಅಟ್ಟಕ್ಕೆ ಹಾಕಿದ್ದಾರೆ. ನನಗೆ ಅಲ್ಲೇ ಕಣ್ಣು ತುಂಬಿತು. ಬಸ್ರೂರಿನ ಬಳಕೆದಾರರ ವೇದಿಕೆ, ಅದನ್ನು ಮುನ್ನಡೆಸಿದ ರವೀಂದ್ರನಾಥ ಶಾನುಭಾಗರು ದಶಕಗಳ ಹಿಂದೆಯೇ ಗ್ರಾಹಕರ ಪರವಾಗಿ ಎದ್ದು ನಿಂತ ಕರಾವಳಿ ಇದು. ಇಲ್ಲಿಯೇ ಹೆಣ್ಣುಮಕ್ಕಳು ಸುಟ್ಟ ಮೋಟರಿಗೆ ಹಣೆಬರಹವನ್ನು ಹೊಣೆ ಮಾಡುವುದನ್ನು ನನ್ನಿಂದ ನೋಡಲಿಕ್ಕಾಗುವುದಿಲ್ಲ.

ಅಲ್ಲಿಯೇ ನಿಂತು 1915ಕ್ಕೆ ಫೋನ್ ಮಾಡಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲಿ ಮಾತಾಡಬಹುದು. ಅಲ್ಲಿಂದ ಆಗದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು. ವಸ್ತುವಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, ವಕೀಲರು ಇರಲೇಬೇಕೆಂದಿಲ್ಲ, 2 ವರ್ಷದೊಳಗೆ ಹಾಕಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಅಂಗಡಿ ಬೆಂಗಳೂರಿನಲ್ಲಿದ್ದರೂ ಸರಿ. ದೋಷ ಸಾಬೀತಾದರೆ ಹೊಸ ವಸ್ತು ಕೊಡಿ, ಇಲ್ಲವೇ ಹಣ ವಾಪಸು ಕೊಡಿ ಎಂದು ಆಯೋಗ ಆದೇಶಿಸಬಹುದು, ಪರಿಹಾರವನ್ನೂ ಕೊಡಿಸಬಹುದು.

ಅಕ್ಕನ ದೂರನ್ನು ಇವತ್ತು ರಾತ್ರಿ ನಾನೇ ಕೂತು ಬರೆಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಿಮ್ಮದನ್ನೂ ಬರೆದುಕೊಡುತ್ತೇನೆ. ಬಿಲ್ಲನ್ನು ಮಾತ್ರ ಕೊಂಡ ದಿನವೇ ಫೋಟೋ ತೆಗೆದಿಡಿ. ಈಗಿನ ಥರ್ಮಲ್ ಕಾಗದದ ಅಕ್ಷರ ಸೆಖೆಗೆ ಬೇಗ ಮಾಸುತ್ತದೆ.