ಕಾಡಿನೊಳಗೆ ಕಾಡು ಬೆಳೆಸುವ ಕಾರ್ಯಕ್ರಮ

ಜೂನ್ ಬಂತು ಅಂದರೆ ನಮ್ಮ ಮಲೆನಾಡಿನಲ್ಲಿ ಎರಡು ಬೀಳುತ್ತವೆ. ಒಂದು ಮಳೆ, ಇನ್ನೊಂದು ಬೀಜದುಂಡೆ. ಮಳೆ ಕೆಲವು ವರ್ಷ ಕೈಕೊಡುತ್ತದೆ. ಬೀಜದುಂಡೆ ಮಾತ್ರ ನಂಬಿಕಸ್ಥ.

ಮಣ್ಣು, ಗೊಬ್ಬರ ಕಲಸಿ, ಒಳಗೆ ಬೀಜ ಇಟ್ಟು, ಉಂಡೆ ಕಟ್ಟಿ ಒಣಗಿಸುವುದು. ಬೋಳು ನೆಲದ ಮೇಲೆ ಎಸೆಯುವುದು. ಮಳೆ ಬಂದಾಗ ಅದು ತಾನೇ ಮೊಳೆಯಬೇಕು. ಇದನ್ನು ಜಗತ್ತಿಗೆಲ್ಲ ಪರಿಚಯ ಮಾಡಿದ ಜಪಾನಿನ ರೈತ ಫುಕುವೋಕಾ ಅವರ ತಲೆಯಲ್ಲಿದ್ದದ್ದು ಉಳುಮೆ ಮಾಡದ ಹೊಲ, ಮರುಭೂಮಿ. ಆಗುಂಬೆ ಅಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಹೊಯ್ಯುವ, ನೆಟ್ಟ ಬೇಲಿಗೂಟವೇ ಚಿಗುರಿಬಿಡುವ ಸೀಮೆಗೆ ಬೀಜ ಹೊತ್ತು ಹೋಗುವುದು ಅಂದರೆ, ಮದುವೆ ಮನೆಗೆ ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಆದರೆ ಬುತ್ತಿ ಬಿಚ್ಚುವಾಗ ಫೋಟೋ ಚೆನ್ನಾಗಿ ಬರುತ್ತದೆ, ಅದೂ ನಿಜ.

ಮೊದಲ ತೊಂದರೆ ಉಂಡೆ ಒಣಗಿಸುವುದು. ಜೂನ್ ತಿಂಗಳಲ್ಲಿ ಮಲೆನಾಡಿನಲ್ಲಿ ಒಂದು ಟವೆಲ್ ಒಣಗಿಸಿ ತೋರಿಸಿ ನೋಡೋಣ. ಹಾಗಾಗಿ ಬೀಜದುಂಡೆ ಕಾರ್ಯಕ್ರಮದ ಸಮಿತಿಯವರು ಅಡಿಕೆ ಡ್ರೈಯರಿಗೆ ಮೊರೆ ಹೋಗುತ್ತಾರೆ. ಉಂಡೆ ಗಟ್ಟಿಯಾಗುತ್ತದೆ, ಒಳಗಿನ ಹಲಸಿನ ಬೀಜ ಹದವಾಗಿ ಬೇಯುತ್ತದೆ. ಡ್ರೈಯರ್ ಬೇಡ, ನೆರಳಲ್ಲೇ ಒಣಗಿಸಿದೆವು ಅನ್ನಿ. ಆಗಲೂ ಸುಖವಿಲ್ಲ. ಹಲಸು, ಮಾವು, ನೇರಳೆ, ಧೂಪ ಇವೆಲ್ಲ ಒಣಗಿದರೆ ಸಾಯುವ ಬೀಜಗಳು. ಹಣ್ಣಿನಿಂದ ಬಿದ್ದ ಕೂಡಲೇ ಹಸಿ ನೆಲ ಸಿಗಬೇಕು. ಒಣಗಿಸಿದರೆ ಸಾಯುವುದನ್ನು ಒಣಗಿಸಿ, ಮಣ್ಣಿನ ಪೆಟ್ಟಿಗೆಯಲ್ಲಿಟ್ಟು, ಮೆರವಣಿಗೆಯಲ್ಲಿ ಒಯ್ದು, ಕಾಡಿಗೆ ಎಸೆದು, ಕೈ ಮುಗಿದು ಬರುವ ಕ್ರಮಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ. ಶುಭ ಕಾರ್ಯದಲ್ಲಿ ಅದನ್ನು ಹೇಳುವುದು ಬೇಡ.

ಬುದ್ಧಿವಂತ ಸಮಿತಿಗಳು ಈ ರಗಳೆಯೇ ಬೇಡವೆಂದು ಬಯಲುಸೀಮೆಯಿಂದ ಬೇವು, ಹುಣಸೆ ಬೀಜ ತರಿಸುತ್ತವೆ. ಯುಗಾದಿಗೆ ಬೇವಿನ ಸೊಪ್ಪನ್ನು ಪೇಟೆಯಿಂದ ತಂದುಕೊಳ್ಳುವ ಊರಿನ ಪಕ್ಕದ ಕಾಡಿಗೆ ಬೇವು ಎಸೆಯುತ್ತಾರೆ. ನಮ್ಮ ಮಳೆಗೆ ಅದು ಯಾಕೆ ಸರಿಯಾಗಿ ಬರುವುದಿಲ್ಲ ಎಂದು ಊರ ಅಜ್ಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸ್ವಾಗತ ಗೀತೆ ಶುರುವಾಗಿರುತ್ತದೆ.

ಕಾರ್ಯಕ್ರಮ ಹತ್ತಕ್ಕೆ. ಮುಖ್ಯ ಅತಿಥಿ ಹನ್ನೆರಡೂವರೆಗೆ. ಅಷ್ಟರಲ್ಲಿ ಉಪ್ಪಿಟ್ಟು ಕೇಸರಿಬಾತು ಖಾಲಿ, ಥರ್ಮೊಕೋಲ್ ತಟ್ಟೆ ಚರಂಡಿ ತುಂಬ. 'ಹಸಿರೇ ಉಸಿರು' ಅನ್ನುವ ಫ್ಲೆಕ್ಸನ್ನು ಒಂದು ಒಳ್ಳೆಯ ಮತ್ತಿ ಮರಕ್ಕೆ ನಾಲ್ಕು ಮೊಳೆ ಹೊಡೆದು ಬಿಗಿದಿದ್ದಾರೆ. ಮಕ್ಕಳಿಗೆ ಒಂದೇ ಬಣ್ಣದ ಟೀ ಶರ್ಟು. ಅತಿಥಿಗಳು ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದು, ಕ್ಯಾಮೆರಾ ಕಡೆ ನೋಡುತ್ತಾ, ರಸ್ತೆ ಬದಿಯಿಂದಲೇ ಎಸೆಯುತ್ತಾರೆ. ಅದು ಲಂಟಾನ ಮಟ್ಟಿಗೆ ಬಡಿದು ಅಲ್ಲೇ ಪುಡಿಯಾಗುತ್ತದೆ. 'ಸರ್, ಇನ್ನೊಂದು ಸಲ, ಸ್ವಲ್ಪ ನಿಧಾನ' ಅನ್ನುತ್ತಾನೆ ಫೋಟೋದವನು. ಅತಿಥಿಗಳು ನಿಧಾನವಾಗಿ ಎಸೆಯುತ್ತಾರೆ. ಈ ಸಲ ಉಂಡೆ ಅವರ ಷೂ ಪಕ್ಕದಲ್ಲೇ ಬೀಳುತ್ತದೆ. ಹೋಗಲಿ, ಎಲ್ಲ ನೆಲವೂ ಭೂತಾಯಿಯದೇ ಅಲ್ವಾ?

ಇದೆಲ್ಲ ನಡೆಯುವಾಗ ಮೇಲೆ ಒಂದು ಮಂಗಟ್ಟೆ ಹಕ್ಕಿ ಹಾರಿ ಹೋಗುತ್ತದೆ. ಯಾರೂ ತಲೆ ಎತ್ತುವುದಿಲ್ಲ. ರಾಮಪತ್ರೆ, ರಾಳಧೂಪ, ಆಲದ ಜಾತಿಯ ಹಣ್ಣು ತಿಂದು, ಮೈಲಿಗಟ್ಟಲೆ ದೂರ ಹೋಗಿ ಬೀಜ ಉಗುಳಿ ಬರುವುದು ಅದರ ದಿನದ ಕೆಲಸ. ಹೆಣ್ಣು ಮರದ ಪೊಟರೆಯಲ್ಲಿ ಬಾಗಿಲು ಮೆತ್ತಿಕೊಂಡು ಮೊಟ್ಟೆಗೆ ಕೂತರೆ, ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಕೊಡುತ್ತದೆ. ಆ ಗೂಡಿನ ಬುಡದಲ್ಲಿ ಬೀಳುವ ಬೀಜಕ್ಕೆ ಲೆಕ್ಕವಿಲ್ಲ. ರಾತ್ರಿ ಪಾಳಿಗೆ ಕಬ್ಬೆಕ್ಕು, ಬಾವಲಿ ಬರುತ್ತವೆ. ಇವರಲ್ಲಿ ಒಬ್ಬರೂ ನೋಂದಣಿ ಮಾಡಿಸಿಲ್ಲ. ವರದಿ ಕೊಟ್ಟಿಲ್ಲ. ಫಲಾನುಭವಿಗಳ ಪಟ್ಟಿ ಇಲ್ಲ. ಅನುಮತಿ ಇಲ್ಲದೆ ಇಷ್ಟು ವರ್ಷ ಕಾಡು ಬೆಳೆಸಿದ್ದಕ್ಕೆ ಇವರಿಗೆ ಯಾಕೆ ನೋಟಿಸು ಹೋಗಿಲ್ಲವೋ ಗೊತ್ತಿಲ್ಲ.

ಇನ್ನು ಬ್ಯಾಣದ, ಅಂದರೆ ಹುಲ್ಲುಗಾವಲಿನ ಕತೆ. ಹುಲ್ಲು ಕಂಡರೆ ನಮ್ಮ ಪರಿಸರಪ್ರೇಮಿಗೆ ತಡೆಯುವುದಿಲ್ಲ. 'ಛೆ, ಎಷ್ಟು ಬೋಳಾಗಿದೆ' ಅನ್ನುತ್ತಾನೆ. ಕೊಡಚಾದ್ರಿಯ ನೆತ್ತಿಯ ಹುಲ್ಲು ಯಾರೋ ಮರ ಕಡಿದದ್ದರಿಂದ ಬಂದದ್ದಲ್ಲ, ಕಣಿವೆಯಲ್ಲಿ ಕಾಡು, ನೆತ್ತಿಯಲ್ಲಿ ಹುಲ್ಲು ಅನ್ನುವುದೇ ಅಲ್ಲಿಯ ಏರ್ಪಾಡು. ಕಾಟಿ, ಕಡವೆ ಮೇಯುವುದು ಎಲ್ಲಿ ಅಂತ ಕೇಳಿದರೆ 'ಅವಕ್ಕೂ ನೆರಳು ಬೇಡ್ವಾ?' ಅನ್ನುವ ಮರುಪ್ರಶ್ನೆ ತಯಾರಿದೆ. ಹೀಗೆ ಬೋಳು ಗುಡ್ಡ ಕಂಡು ಕನಿಕರಪಟ್ಟ ಫಲವನ್ನು ನಾವು ಮೊದಲೇ ಉಂಡಿದ್ದೇವೆ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು 1980ರಲ್ಲಿ 40 ವರ್ಷದ ಲೀಸಿಗೆ ನಮ್ಮ ಗುಡ್ಡಗಳು ಹೋದವು. ಆಸ್ಟ್ರೇಲಿಯಾದಿಂದ ಅಕೇಶಿಯಾ ಬಂತು. ಕಾರ್ಖಾನೆ ನಿಂತು ಹೋಯಿತು, ಅಕೇಶಿಯಾ ನಿಲ್ಲಲಿಲ್ಲ. ಲೀಸು 2020ಕ್ಕೆ ಮುಗಿದದ್ದು ಜನರಿಗೆ ಗೊತ್ತಾಗಿ 'ನಮ್ಮೂರಿಗೆ ಅಕೇಶಿಯಾ ಬೇಡ' ಎಂದು ಬೀದಿಗಿಳಿದರು. ಮರಗಳಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ. ಅದರ ತರಗೆಲೆಯ ದಪ್ಪ ಹಾಸಿನ ಮೇಲೂ ಬೀಜದುಂಡೆ ಎಸೆದವರಿದ್ದಾರೆ. ನೆಲ ಮುಟ್ಟದೆ ಹೋದದ್ದು ಉಂಡೆಯ ತಪ್ಪು.

ಹಾಗಂತ ಕೆಲಸ ಮಾಡುವವರು ಇಲ್ಲವೇ ಇಲ್ಲ ಅಂತಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಹುಡುಗರ ಸಣ್ಣ ಗುಂಪುಗಳಿವೆ. ಚಳಿಗಾಲ ಮುಗಿಯುವಾಗ ಕತ್ತಿ, ಸೊಪ್ಪಿನ ಬರಲು ಹಿಡಿದು ಹೋಗಿ ಬೆಂಕಿ ದಾಟದ ಹಾಗೆ ಕಾನಿನ, ಅಂದರೆ ದಟ್ಟ ಕಾಡಿನ ಅಂಚು ಗುಡಿಸುತ್ತಾರೆ. ಅಕೇಶಿಯಾ ಸಸಿಯನ್ನು ಬೇರು ಸಮೇತ ಕೀಳುತ್ತಾರೆ. ಬೇಲಿ ಸಂದಿಯಲ್ಲಿ ಕೂತು, ಬೈಕಿನ ಕೇಬಲ್ಲಿನಲ್ಲಿ ಮಾಡಿದ ಉರುಳನ್ನು ಬೆರಳು ಕೊಯ್ದುಕೊಂಡು ಬಿಚ್ಚುತ್ತಾರೆ. ಆಮೇಲೆ ಕಾಡನ್ನು ಅದರ ಪಾಡಿಗೆ ಬಿಡುತ್ತಾರೆ. ನಾಲ್ಕು ಮಳೆಗಾಲ ಹೋದರೆ ಅಲ್ಲಿ ತಾನಾಗಿ ಎದ್ದ ನೇರಳೆ, ಹೊನ್ನೆ ಸಸಿಗಳು ಮೊಣಕಾಲು ಮುಟ್ಟುತ್ತವೆ. ಆದರೆ ಇದರಲ್ಲಿ ಉದ್ಘಾಟನೆ ಮಾಡುವುದಕ್ಕೆ ಏನಿದೆ ಹೇಳಿ? ಬರದೇ ಹೋದ ಬೆಂಕಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಆಗುತ್ತದಾ? ಸಾಲದ್ದಕ್ಕೆ ಅರಣ್ಯ ಇಲಾಖೆಯವರು ಉರುಳು ಬಿಚ್ಚಿ ಬರುವವನನ್ನೇ ತಡೆದು 'ಕಾಡೊಳಗೆ ಏನು ಕೆಲಸ, ಪರ್ಮಿಷನ್ ಇದ್ಯಾ?' ಅಂತ ಕೇಳುತ್ತಾರೆ. ಮುನ್ನೂರು ಜನ ಮೈಕ್ ಹಿಡಿದು ನುಗ್ಗಿದರೆ ಪೈಲಟ್ ಜೀಪು ಕೊಡುತ್ತಾರೆ.

ಮೊನ್ನೆ ಒಂದು ಸಮಿತಿಯ ಪರಾಮರ್ಶೆ ಸಭೆ ನಡೆಯಿತಂತೆ. ಹೋದ ವರ್ಷ ಎಸೆದ ಉಂಡೆಯಲ್ಲಿ ಮೊಳೆತದ್ದು ಎಲ್ಲಿ ಎಂದು ಒಬ್ಬರು ಕೇಳಿದರು. ಉಗ್ರಾಣದಲ್ಲಿ ಉಳಿದ ಎರಡು ಗೋಣಿಚೀಲದಲ್ಲಿ, ಹೆಂಚು ಸೋರಿ ಎಲ್ಲವೂ ಮೊಳೆತಿವೆ ಎಂದು ಕಾರ್ಯದರ್ಶಿ ಉತ್ತರಿಸಿದರು. ಅದನ್ನು ಸಾಧನೆಯ ಕಾಲಂನಲ್ಲಿ ಬರೆದುಕೊಂಡರು. ಮುಂದಿನ ವರ್ಷ ಡ್ರೋನ್ ತರಿಸುವುದೆಂದು ತೀರ್ಮಾನವಾಯಿತು. ಜಾಗ ಯಾವುದು ಎಂಬ ಚರ್ಚೆ ಬಂದಾಗ ಅಧ್ಯಕ್ಷರು ಸ್ವಲ್ಪ ಯೋಚಿಸಿ, ದಟ್ಟವಾದ ಕಾನೇ ಇರಲಿ ಅಂದರು. ಪರಿಶೀಲನೆಗೆ ಮೇಲಿನವರು ಬಂದಾಗ ಅಲ್ಲಿ ಮರ ಇರಬೇಕಲ್ಲ.